ಮೂರು ಗಂಟೆಯ ಗಡಿಯಾರ ನಮಗೆ ಮಾತ್ರ ಯಾಕೆ?

ನಾನು ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ನೋಡುವವಳು. ನಿನ್ನೆ ಸಂಜೆ ಐದೂ ಕಾಲಿಗೆ ಕಾಲ್ ಸೆಂಟರ್‌ನವರು ಒಂದು ಕಾಲ್ ನನ್ನ ತಲೆಗೆ ಕಟ್ಟಿದರು. ಆ ಕಡೆ ಒಬ್ಬ ರೋಗಿಯ ಮಗ. "ಬೆಳಗ್ಗೆ ಒಂಬತ್ತಕ್ಕೇ ಡಾಕ್ಟರ್ ಡಿಸ್ಚಾರ್ಜ್ ಅಂದಿದ್ದಾರೆ. ನೀವಲ್ಲಿ ನಿದ್ದೆ ಮಾಡ್ತಾ ಇದ್ದೀರಾ?" ಪಾಪ, ಅವರ ಸಿಟ್ಟು ಸುಳ್ಳಲ್ಲ. ಆದರೆ ಅವರ ತಂದೆಯ ಫೈನಲ್ ಬಿಲ್ ನಮಗೆ ಬಂದ ಸಮಯ ನನ್ನ ಸ್ಕ್ರೀನ್ ಮೇಲೇ ಇತ್ತು. 4.38.

ಒಂಬತ್ತರಿಂದ 4.38ರವರೆಗೆ ಏನಾಯಿತು? ವಾರ್ಡಿನಿಂದ ಫೈಲ್ ಇಳಿಯಬೇಕು. ಉಳಿದ ಮಾತ್ರೆ, ಇಂಜೆಕ್ಷನ್ ಫಾರ್ಮಸಿಗೆ ವಾಪಸ್ ಹೋಗಬೇಕು. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಅದಕ್ಕೆ ಡಾಕ್ಟರ್ ಸಹಿ ಬೇಕು, ಡಾಕ್ಟರ್ ಓಟಿಯಲ್ಲಿ. ಇಷ್ಟು ಹೊತ್ತೂ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನವರು ಹೇಳುವುದು ಒಂದೇ ಮಾತು, "ಇನ್ಶೂರೆನ್ಸ್‌ನಿಂದ ಅಪ್ರೂವಲ್ ಬಂದಿಲ್ಲ." ಕಳಿಸದೇ ಇದ್ದದ್ದಕ್ಕೆ ಅಪ್ರೂವಲ್ ಎಲ್ಲಿಂದ ಬರಬೇಕು ಸ್ವಾಮಿ?

2024ರ ಮೇ ತಿಂಗಳಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಹೊಸ ನಿಯಮ ತಂತು. ಕ್ಯಾಶ್‌ಲೆಸ್ ಕೋರಿಕೆಗೆ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟಲಿ ಅನ್ನುವ ಕೋರಿಕೆಗೆ, ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು. ನಮ್ಮ ಉತ್ತರ ತಡವಾಗಿ ಆಸ್ಪತ್ರೆ ಬಿಲ್ ಹೆಚ್ಚಿಗೆ ಹಾಕಿದರೆ ಆ ದುಡ್ಡು ಕಂಪನಿಯ ಷೇರುದಾರರ ಪಾಲಿನಿಂದ ಹೋಗುತ್ತದೆ. ಒಳ್ಳೆಯ ನಿಯಮವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಗಡಿಯಾರ ಶುರುವಾಗುವುದು ಕಾಗದ ನಮ್ಮ ಕೈಗೆ ಬಂದ ಮೇಲೆ. ಅದಕ್ಕೂ ಮುಂಚಿನ ಏಳೂವರೆ ಗಂಟೆಗೆ ಗಡಿಯಾರವೇ ಇಲ್ಲ. ಬೈಗುಳ ಮಾತ್ರ ಎಲ್ಲದಕ್ಕೂ ಸೇರಿಸಿ ನಮಗೇ.

ಅಂದಹಾಗೆ ನಾನು ಓದಿದ್ದು ಬಿಎಎಂಎಸ್, ಆಯುರ್ವೇದ ಡಾಕ್ಟರ್ ಪದವಿ. ನಾಡಿ ಹಿಡಿಯಲು ಕಲಿತವಳು ಈಗ ಬೆಂಗಳೂರಿನ ಒಂದು ಆಫೀಸಿನ ಮೂರನೇ ಮಹಡಿಯಲ್ಲಿ ಕುಳಿತು ಬಿಲ್ಲಿನಿಂದ ಗ್ಲೌಸ್ ದುಡ್ಡು ಕಳೆಯುತ್ತೇನೆ. ನನ್ನ ಸಾಲಿನಲ್ಲಿ ಇನ್ನೂ ಇಬ್ಬರು ಬಿಎಎಂಎಸ್, ಒಬ್ಬ ಹಲ್ಲಿನ ಡಾಕ್ಟರ್.

ನಿನ್ನೆಯ ಕೇಸಿಗೇ ಬರುತ್ತೇನೆ. ಮೂರು ಲಕ್ಷದ ಪಾಲಿಸಿ, ರೂಮ್ ಬಾಡಿಗೆಗೆ ಮಿತಿ ಅದರ ಶೇ. 1. ಅಂದರೆ ದಿನಕ್ಕೆ 3,000. ತೆಗೆದುಕೊಂಡದ್ದು 6,000ದ ರೂಮು, ನಾಲ್ಕು ದಿನ. ಮಗನ ಲೆಕ್ಕದಲ್ಲಿ ಕೈಯಿಂದ ಹೋಗುವುದು 12,000. ಆದರೆ ರೂಮು ಮಿತಿಗಿಂತ ದುಪ್ಪಟ್ಟಾದರೆ ಸರ್ಜನ್, ಅನಸ್ತೇಷಿಯಾ, ಓಟಿ ಚಾರ್ಜೂ ಅರ್ಧಕ್ಕೆ ಇಳಿಯುತ್ತದೆ. ಅದು 90,000 ಇತ್ತು, 45,000 ಹೋಯಿತು. ಔಷಧಿ, ಇಂಪ್ಲಾಂಟ್, ಟೆಸ್ಟಿಗೆ ಈ ಕಡಿತ ಇಲ್ಲ, ಸದ್ಯ ಅಷ್ಟಾದರೂ ಉಳಿಯಿತು. ಒಟ್ಟು 57,000 ಅವರ ತಲೆ ಮೇಲೆ. "ಕಳ್ಳರು ನೀವು" ಅಂದರು. ಪಾಲಿಸಿ ಮಾರಿದವನು ಈ ಸಾಲನ್ನು ಒಂದು ಸಲ ಓದಿ ಹೇಳಿದ್ದರೆ, ಅವರು 3,000ದ ರೂಮಿಗೇ ಹೋಗುತ್ತಿದ್ದರು. ಆತನಿಗೆ ಕಮಿಷನ್ ಬಂತು, ಈಗ ಫೋನ್ ಎತ್ತುವುದಿಲ್ಲ.

ಇನ್ನೊಬ್ಬರ ಬಿಪಿ ಕಥೆ ಇನ್ನೂ ಬೇಜಾರಿನದು. ಪಾಲಿಸಿ ತೆಗೆದುಕೊಳ್ಳುವಾಗ ತುಂಬಿದ ಫಾರ್ಮಿನಲ್ಲಿ ಕಾಯಿಲೆಯ ಎಲ್ಲ ಪ್ರಶ್ನೆಗೂ "ಇಲ್ಲ, ಇಲ್ಲ, ಇಲ್ಲ". ಒಂದೇ ಕೈಬರಹ, ಸಹಿ ಬೇರೆ. ಹದಿನಾಲ್ಕು ತಿಂಗಳ ನಂತರ ಹೃದಯದ ತೊಂದರೆ. ಆಸ್ಪತ್ರೆಯ ಕಾಗದದಲ್ಲಿ "ಎಂಟು ವರ್ಷದಿಂದ ಬಿಪಿ". ಪಾಲಿಸಿಗೆ ಐದು ವರ್ಷ ತುಂಬಿದ್ದರೆ, ಮೋಸ ಅಂತ ತೋರಿಸದ ಹೊರತು ಮುಚ್ಚಿಟ್ಟರು ಅನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಕ್ಲೇಮ್ ತಿರಸ್ಕರಿಸಲು ಈಗ ಕಮಿಟಿ ಒಪ್ಪಬೇಕು, ನಾನೊಬ್ಬಳೇ ಗೀಚಿ ಹಾಕುವಂತಿಲ್ಲ. ಆದರೂ ಅವರ ಹೆಂಡತಿ ಅತ್ತದ್ದು ನನ್ನ ಕಿವಿಯಲ್ಲಿ, ಕಮಿಟಿಯ ಕಿವಿಯಲ್ಲಲ್ಲ.

ಒಳ್ಳೆಯದೇ ಇಲ್ಲ ಅಂತಲ್ಲ. ಒಂದು ಭಾನುವಾರ ರಾತ್ರಿ ಡೆಂಗಿ ಮಗುವಿನ ಕೋರಿಕೆ ಬಂತು. ಪ್ಲೇಟ್‌ಲೆಟ್ 18,000. ಇಪ್ಪತ್ತು ನಿಮಿಷದಲ್ಲಿ ಅಪ್ರೂವ್ ಮಾಡಿದೆ. ಡಾಕ್ಟರಿಕೆ ಓದಿದ್ದು ಸುಮ್ನೆ ಹೋಗಲಿಲ್ಲ ಅಂತ ಆ ರಾತ್ರಿ ಅನಿಸಿತು. ಅದೇ ತಿಂಗಳು ನನಗೆ ಇನ್ಸೆಂಟಿವ್ ಬರಲಿಲ್ಲ. ಫೈಲ್ ಸಂಖ್ಯೆ ಕಡಿಮೆ ಅಂತೆ.

ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಜೋರಾಗಿ ಕೇಳುತ್ತಾರೆ, "ಏನಮ್ಮಾ, 2025ರ ಸೆಪ್ಟೆಂಬರ್ 22ರಿಂದ ಹೆಲ್ತ್ ಪಾಲಿಸಿ ಮೇಲಿನ ಜಿಎಸ್‌ಟಿ ತೆಗೆದರಲ್ಲ, ನಾನು ಆ ಜುಲೈನಲ್ಲಿ ಕಟ್ಟಿದ್ದು ವಾಪಸ್ ಕೊಡ್ಸು." ನಾನೇನು ಹಣಕಾಸು ಮಂತ್ರಿಯೇ?

ಕೊನೆಗೆ ಅಮ್ಮನ ಕಣ್ಣಿನ ಪೊರೆ ಆಪರೇಷನ್. ನಮ್ಮದೇ ಆಫೀಸಿನ ಗ್ರೂಪ್ ಪಾಲಿಸಿ. ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಹಾಕಿದೆ. ನನಗೇ ಕ್ವೆರಿ! ಲೆನ್ಸಿನ ಡಬ್ಬಿ ಮೇಲಿನ ಸ್ಟಿಕ್ಕರ್ ಬೇಕಂತೆ. ಆಸ್ಪತ್ರೆಯವರು ಅಂಟಿಸಿರಲಿಲ್ಲ. ಮೂರು ಸಲ ಹೋದೆ, ಮೂರು ಸಲವೂ "ನಾಳೆ ಬನ್ನಿ". ನಾಲ್ಕನೇ ದಿನ ಕಾಲ್ ಸೆಂಟರ್ ಹುಡುಗಿಗೆ ಫೋನಿನಲ್ಲಿ ಕೂಗಾಡಿದೆ, "ನೀವೆಲ್ಲ ಅಲ್ಲಿ ನಿದ್ದೆ ಮಾಡ್ತಾ ಇದ್ದೀರಾ?" ಅವಳು ಮೆಲ್ಲಗೆ ಅಂದಳು, "ಮೇಡಂ, ಸ್ಟಿಕ್ಕರ್ ಒಂದು ಅಪ್‌ಲೋಡ್ ಮಾಡಿಬಿಡಿ."

ಸ್ಟಿಕ್ಕರ್ ಇನ್ನೂ ಸಿಕ್ಕಿಲ್ಲ.