ನೆನೆಯೋಕೂ ಒಂದು ನೆಪ ಬೇಕು

ಚಿಕ್ಕಮಗಳೂರಿನ ಮಳೆಯಲ್ಲಿ ಸುಮ್ನೆ ನಡೆಯಬೇಕು ಅಂದರೆ ನೀವು ಪ್ರವಾಸಿಗರಾಗಿರಬೇಕು. ಬೆಂಗಳೂರಿನಿಂದ ಬಂದವರು ಮುಳ್ಳಯ್ಯನಗಿರಿಯ ಮಂಜಿನಲ್ಲಿ ಕೈ ಚಾಚಿ ನಿಂತು ತೊಪ್ಪೆಯಾದರೂ ಯಾರೂ ಏನೂ ಕೇಳುವುದಿಲ್ಲ. ಪಾಪ, ದುಡ್ಡು ಕೊಟ್ಟು ಬಂದಿದ್ದಾರೆ, ನೆನೆಯಲಿ ಬಿಡಿ. ಅದೇ ಊರಿನವರು ಕೆಲಸವಿಲ್ಲದೆ ರಸ್ತೆಗಿಳಿದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ.

ನನಗೆ ಈ ಹುಚ್ಚು ಮೊದಲಿನಿಂದಲೂ ಇದೆ. ಜಡಿಮಳೆ ಅಲ್ಲ, ಸೋನೆ. ಜೂನ್ 22ರ ಹೊತ್ತಿಗೆ ಆರಿದ್ರಾ ಮಳೆ ಹಿಡಿಯಿತು ಅಂದರೆ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ರತ್ನಗಿರಿ ಬೋರೆ ಕಡೆ ಹೋದರೆ ಎದುರಿನ ಗಿರಿಸಾಲು ಪೂರ್ತಿ ಮಾಯ. ಮರದಿಂದ ಬೀಳುವ ಹನಿ ಮಳೆಹನಿಗಿಂತ ದಪ್ಪ. ಫೋನ್ ಹೊರಗೆ ತೆಗೆಯೋ ಹಾಗಿಲ್ಲ. ಯಾರೂ ಮಾತಾಡಿಸುವುದಿಲ್ಲ. ಇದಕ್ಕಿಂತ ಸುಖ ಏನಿದೆ ಹೇಳಿ?

ಯಾರೂ ಮಾತಾಡಿಸುವುದಿಲ್ಲ ಅಂದೆನಲ್ಲ, ಅದು ಮೊದಲ ತಿರುವಿನವರೆಗೆ ಮಾತ್ರ. ಅಲ್ಲಿ ಒಂದು ಆಟೋ ನಿಂತಿತು.

"ಹತ್ತಿ ಅಕ್ಕಾ, ಬಿಡ್ತೀನಿ."

"ಬೇಡಪ್ಪಾ, ಸುಮ್ನೆ ನಡೀತಾ ಇದೀನಿ."

ಅವನು ಎಂಜಿನ್ ಆರಿಸಿದ. ದನಿ ತಗ್ಗಿಸಿದ. "ಮನೇಲಿ ಏನಾದ್ರೂ ಜಗಳನಾ ಅಕ್ಕಾ? ದುಡ್ಡು ಬೇಡ, ಹತ್ತಿ."

ಅವನನ್ನು ಸಾಗಹಾಕಿ ಮುಂದೆ ಹೋದರೆ ಅಂಗಡಿ ಸೂರಿನಡಿ ನಿಂತ ಪರಿಚಯದ ಅಜ್ಜಿ. "ಬಾ ಇಲ್ಲಿ, ಹೊಳವಾಗೋ ತನಕ ನಿಂತ್ಕೋ" ಅಂತ ಕೈ ಹಿಡಿದೇ ಎಳೆದರು. ಆರಿದ್ರಾ ಮಳೆಯಲ್ಲಿ ಹೊಳವಾಗೋ ತನಕ ನಿಂತರೆ ಗಣೇಶನ ಹಬ್ಬಕ್ಕೆ ಮನೆ ಸೇರಬಹುದು.

ಆಮೇಲೆ ಉಪಾಯ ಕಂಡುಕೊಂಡೆ. ಕೈಯಲ್ಲೊಂದು ಚೀಲ. ಅದರಿಂದ ಹೊರಗೆ ಇಣುಕುವಂತೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಅಷ್ಟೇ. ಸೊಪ್ಪಿಗೆ ಹೋದವಳು ನೆನೆದರೆ ತಪ್ಪಿಲ್ಲ. ಆಟೋದವರೂ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಈಗ ನಮ್ಮ ಫ್ರಿಜ್ ತುಂಬಾ ಕೊತ್ತಂಬರಿ. ಮನೆಯವರು ಸಾರು, ಚಟ್ನಿ, ರೈಸ್‌ಬಾತ್ ಎಲ್ಲದರಲ್ಲೂ ಅದನ್ನೇ ತಿಂದು ಸಾಕಾಗಿ, "ಮುಂದಿನ ಸಲ ಒಂದು ಪಾವು ಕಾಫಿಪುಡಿಗೆ ಹೋಗಬಾರದಾ?" ಅಂತ ಕೇಳಿದರು. ಕಾಫಿಪುಡಿ ನೆಂದರೆ ಗತಿ ಏನು? ಗಂಡಸರಿಗೆ ಇದೆಲ್ಲ ಹೊಳೆಯಲ್ಲ.

ಹವಾಯಿ ಚಪ್ಪಲಿ ಹಾಕಿ ಹೋದರೆ ಕುಪ್ಪಸದ ಬೆನ್ನಿನ ತನಕ ಕೆಸರು ಹಾರುತ್ತದೆ, ಅದನ್ನು ಬಿಡಿ. ಉಂಬಳದ, ಅಂದರೆ ಜಿಗಣೆಯ, ಕಥೆ ಹೇಳಲೇಬೇಕು. ತೋಟದ ಬದಿಯ ದಾರಿಯಲ್ಲಿ ನಡೆದು ಬಂದು ಹೋಟೆಲಿನಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ಹೇಳಿದ್ದೆ. ಉಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅಷ್ಟು ನಾಜೂಕು. ಮೇಲಿಂದ ರಕ್ತ ಹೆಪ್ಪುಗಟ್ಟದ ಹಾಗೆ ಏನನ್ನೋ ಬಿಡುತ್ತದಂತೆ. ಹಾಗಾಗಿ ಅದು ಕುಡಿದು ಉದುರಿದ ಮೇಲೂ ನನ್ನ ಕಾಲಿಂದ ನೆಲದ ಮೇಲೆ ಕೆಂಪು ಹರಿಯುತ್ತಲೇ ಇತ್ತು. ಸಪ್ಲೈಯರ್ ಹುಡುಗ ಕಿರುಚಿದ. ಒಬ್ಬರು ಸುಣ್ಣ ಅಂದರು, ಇನ್ನೊಬ್ಬರು ಹೊಗೆಸೊಪ್ಪು ಅಂದರು. ಅಡುಗೆಯವರು ಉಪ್ಪಿನ ಡಬ್ಬಿ ಹಿಡಿದು ಓಡಿ ಬಂದರು. ಉಂಬಳ ಉದುರಿ ಎಷ್ಟೋ ಹೊತ್ತಾಗಿತ್ತು, ಆದರೂ ಯಾವುದು ಒಳ್ಳೆಯದು ಅಂತ ಅವರವರಲ್ಲೇ ಜೋರು ವಾದ. ಒಬ್ಬಳೇ ಇರೋಣ ಅಂತ ಹೊರಟವಳಿಗೆ ಅವತ್ತು ಸಿಕ್ಕಿದ್ದು ಒಂದು ಹೋಟೆಲ್ ಜನ. ಬಜ್ಜಿ ಆರಿ ಹೋಯಿತು.

ಇದನ್ನೆಲ್ಲ ಕೊಟ್ಟಿಗೆಹಾರದ ಹತ್ತಿರ ತೋಟ ಮಾಡುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ತೋಟದವರು ಮಳೆಯನ್ನು ನೋಡುವುದಿಲ್ಲ, ಅಳೆಯುತ್ತಾರೆ, ಅದೂ ಇಂಚು, ಸೆಂಟಿನಲ್ಲಿ; ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಬೆಳಗ್ಗೆ ಎದ್ದು ಮಾಪಕ ನೋಡಿ, ಪುಸ್ತಕದಲ್ಲಿ ಬರೆದು, ಆಮೇಲೆ ಕಾಫಿ.

"ನಿಮ್ಮಲ್ಲಿ ಎಷ್ಟು ಬಂತು?" ಅಂದರು.

"ಗೊತ್ತಿಲ್ಲ ಚಿಕ್ಕಪ್ಪಾ, ಒಂದು ಅರ್ಧ ಇಂಚು ಇರಬಹುದು."

"ಥೂ, ಅದಕ್ಕೆ ನೆನೆಯೋಕೆ ಹೋಗಿದ್ಯಾ? ಇಲ್ಲಿ ಮೂರು ಇಂಚು ನಲವತ್ತು ಸೆಂಟ್. ನಾಳೆ ಬಾ, ಬೇಕಾದಷ್ಟು ನೆನಿ. ಬರ್ತಾ ಮಾತ್ರ ನಿನ್ನ ಗಂಡನ ಒಣಗಿದ ಪಂಚೆ ಒಂದೆರಡು ತಗೊಂಡು ಬಾ ಮಾರಾಯ್ತಿ, ಇಲ್ಲಿ ಒಂದೂ ಒಣಗಿಲ್ಲ."