ಮನಸ್ಸಿಲ್ಲದ ಮನಸ್ಸಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಹೋದ ತಿಂಗಳು ನನ್ನ ಒಂಬತ್ತು ವರ್ಷದ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ನಡುವೆ ಒಂದೇ ಒಂದು ಪದ, ಸುತ್ತ ನಾಲ್ಕು ಚೌಕ. ಪದ ‘ರಿಲಕ್ಟಂಟ್’. ಮೊದಲ ಚೌಕದಲ್ಲಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಬರೆಯಬೇಕು. ಎರಡನೆಯದರಲ್ಲಿ ಅದರ ಲಕ್ಷಣ, ಮೂರನೆಯದರಲ್ಲಿ ಉದಾಹರಣೆ. ನಾಲ್ಕನೆಯದರಲ್ಲಿ ‘ಇದು ಅದಲ್ಲ’ ಅನ್ನುವುದಕ್ಕೆ ಉದಾಹರಣೆ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡೊರೊತಿ ಫ್ರೇಯರ್ ಮತ್ತು ಜೊತೆಗಾರರು ರೂಪಿಸಿದ ಪದ್ಧತಿ ಇದು. ಇಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲೂ ಬಳಕೆಯಲ್ಲಿದೆ.

ಮೂರು ಚೌಕ ತುಂಬಿಸಿದ್ದಳು. ನಾಲ್ಕನೆಯದು ಖಾಲಿ. “ಅಪ್ಪ, ಯಾವುದು ರಿಲಕ್ಟಂಟ್ ಅಲ್ಲ?” ಅಂದಳು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಆ ಪದದ ಜೊತೆ ನನಗೆ ಮೂವತ್ತು ವರ್ಷದ ಲೆಕ್ಕ ಬಾಕಿ ಇತ್ತು.

ನಾನು ಓದಿದ್ದು ತಿಪಟೂರಿನ ಹತ್ತಿರ, ಕನ್ನಡ ಮಾಧ್ಯಮದಲ್ಲಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದೆವು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ರಿಲಕ್ಟಂಟ್ ಎಂದರೆ ಇಷ್ಟವಿಲ್ಲದ. ಅಷ್ಟೇ. ಬಾಯಿಪಾಠ ಮಾಡಿದೆವು. ಪರೀಕ್ಷೆಯಲ್ಲಿ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಕೇಳಿದಾಗ ನಾನು ‘ಐ ಆ್ಯಮ್ ರಿಲಕ್ಟಂಟ್ ಮಿಲ್ಕ್’ ಎಂದು ಬರೆದೆ. ನನಗೆ ಹಾಲು ಇಷ್ಟವಿಲ್ಲ ಎಂದು ಹೇಳುವುದಿತ್ತು. ಕೆಂಪು ಇಂಕಿನ ಅಡ್ಡಗೆರೆ ಬಿತ್ತು. ಯಾಕೆ ತಪ್ಪು ಅಂತ ನನಗೆ ಗೊತ್ತಾಗಲಿಲ್ಲ, ಯಾಕಂದರೆ ನೋಟ್‌ಬುಕ್ಕಿನ ಬಲಗಡೆ ಇದ್ದದ್ದನ್ನೇ ನಾನು ನಂಬಿ ಬರೆದಿದ್ದೆ. ಮೇಷ್ಟ್ರನ್ನು ದೂರುವುದಿಲ್ಲ. ಅರವತ್ತು ಮಕ್ಕಳ ತರಗತಿ. ಆ ಗೆರೆ ಎಳೆಸಿ ನಮಗೆ ನೂರಾರು ಪದ ಕಲಿಸಿದರು, ಅದರ ಋಣ ಇದೆ.

ತಪ್ಪು ಏನೆಂದರೆ, ಈ ಪದ ವಸ್ತುವಿಗೆ ಅಂಟುವುದಿಲ್ಲ, ಕೆಲಸಕ್ಕೆ ಅಂಟುತ್ತದೆ. ಹಾಲಿನ ಬಗ್ಗೆ ರಿಲಕ್ಟಂಟ್ ಆಗಲು ಬರುವುದಿಲ್ಲ, ಹಾಲು ಕುಡಿಯಲು ಆಗಬಹುದು. ಹೀಗೆ ಹೇಳುವಾಗ ಅದರ ಹಿಂದೆಯೇ ‘ಟು’ ಬರಬೇಕು, ಆಮೇಲೆ ಒಂದು ಕ್ರಿಯಾಪದ. ಈ ಪುಟ್ಟ ವಿಷಯವನ್ನು ‘ಇಷ್ಟವಿಲ್ಲದ’ ಎಂಬ ಒಂದು ಪದ ಹೇಳಲಾರದು.

ಆಮೇಲೆ ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಿದೆ. ಅಲ್ಲಿ ಇದೇ ಪದದ ತಮ್ಮ ಸಿಕ್ಕಿದ, ‘ರಿಲಕ್ಟೆನ್ಸ್’. ಕಾಂತೀಯ ಹರಿವಿಗೆ, ಅಂದರೆ ಫ್ಲಕ್ಸ್‌ಗೆ, ಎದುರಾಗುವ ಅಡ್ಡಿ ಅದು. ಇಂಗ್ಲೆಂಡಿನ ವಿಜ್ಞಾನಿ ಆಲಿವರ್ ಹೆವಿಸೈಡ್ 1888ರಲ್ಲಿ ಕೊಟ್ಟ ಹೆಸರು. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್‌ನಲ್ಲಿ ಫ್ಲಕ್ಸ್ ಸಲೀಸಾಗಿ ಹರಿಯುತ್ತದೆ. ನಡುವೆ ಒಂದೆರಡು ಮಿಲಿಮೀಟರ್ ಗಾಳಿಯ ಸಂದು ಬಿಟ್ಟರೆ ಸಾಕು, ರಿಲಕ್ಟೆನ್ಸ್ ಏರಿ, ಅಷ್ಟೇ ಕರೆಂಟಿಗೆ ಸಿಗುವ ಫ್ಲಕ್ಸ್ ಇಳಿಯುತ್ತದೆ. ಲೆಕ್ಕ ಮಾಡಿ ಮಾಡಿ ಕೈ ಪಳಗಿತ್ತು. ಆದರೆ ಲೆಕ್ಕದಲ್ಲಿದ್ದ ಪದವೂ ಪರೀಕ್ಷೆಯಲ್ಲಿ ತಪ್ಪು ಬರೆದ ಪದವೂ ಒಂದೇ ಮನೆಯವು ಎಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಹೊಳೆದದ್ದು ಬರ್ಮಿಂಗ್‌ಹ್ಯಾಮ್‌ಗೆ ಬಂದ ಎರಡನೇ ವರ್ಷ. ಒಂದು ಸಬ್‌ಸ್ಟೇಷನ್ ಕೆಲಸದಲ್ಲಿ ಪರೀಕ್ಷೆಗಳ ಕ್ರಮ ಬದಲಿಸೋಣ ಎಂದು ಬರೆದು ಕಳಿಸಿದ್ದೆ. ಮೂರು ವಾರ ರಾತ್ರಿ ಕೂತು ಮಾಡಿದ ಕೆಲಸ. ಮೇಲಿನವರ ಉತ್ತರ ಬಂತು. ಈಗಲೇ ಒಪ್ಪಿಗೆ ಕೊಡಲು ನಾನು ರಿಲಕ್ಟಂಟ್ ಆಗಿದ್ದೇನೆ ಎಂದು ಬರೆದಿದ್ದರು. ನಾನು ನನ್ನ ನೋಟ್‌ಬುಕ್ಕಿನ ಬಲಗಡೆ ನೋಡಿದೆ. ಇಷ್ಟವಿಲ್ಲ. ಅಂದರೆ ಬೇಡ ಅಂದಹಾಗೆ. ಕಡತ ಮುಚ್ಚಿಟ್ಟೆ. ನಾಲ್ಕು ತಿಂಗಳು ಕಳೆದ ಮೇಲೆ ಜೊತೆ ಕೆಲಸ ಮಾಡುವ ಒಬ್ಬ ಹಿರಿಯರು ಕೇಳಿದರು: “ಅದನ್ನು ಯಾಕೆ ಬಿಟ್ಟಿರಿ? ಅವರು ಆಗಲ್ಲ ಅಂದಿರಲಿಲ್ಲವಲ್ಲ. ಇನ್ನೊಂದಿಷ್ಟು ಆಧಾರ ಕೊಟ್ಟಿದ್ದರೆ ಒಪ್ಪುತ್ತಿದ್ದರು.”

ಅವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಗಾಳಿಯ ಸಂದು ನೆನಪಾಯಿತು. ಆ ಸಂದು ಫ್ಲಕ್ಸನ್ನು ತಡೆದು ನಿಲ್ಲಿಸುವುದಿಲ್ಲ, ಅಲ್ವಾ? ಅಡ್ಡಿ ಮಾಡುತ್ತದೆ, ಕಡಿಮೆ ಮಾಡುತ್ತದೆ, ಆದರೂ ದಾಟಲು ಬಿಡುತ್ತದೆ. ಇನ್ನೂ ನಾಲ್ಕು ಸುತ್ತು ತಂತಿ ಸುತ್ತಿದರೆ ಬೇಕಾದಷ್ಟು ಫ್ಲಕ್ಸ್ ಸಿಗುತ್ತದೆ. ರಿಲಕ್ಟಂಟ್ ಪದದ ಪೂರ್ತಿ ಅರ್ಥ ಅದೇ. ಲ್ಯಾಟಿನ್ ಭಾಷೆಯಲ್ಲಿ ಅದರ ಬೇರು ಕುಸ್ತಿ ಆಡುವುದಕ್ಕೆ ಇರುವ ಪದ. ಒಳಗೆ ಒಂದು ಕುಸ್ತಿ ನಡೆಯುತ್ತಿದೆ, ಯಾರು ಗೆಲ್ಲುತ್ತಾರೆ ಎಂದು ಇನ್ನೂ ಗೊತ್ತಾಗಿಲ್ಲ. ನಾನು ಕುಸ್ತಿ ಮುಗಿಯಿತು ಎಂದುಕೊಂಡು ಎದ್ದು ಬಂದಿದ್ದೆ.

ನಾನಿರುವ ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಎಂಬ ಪ್ರಾಧ್ಯಾಪಕರಿದ್ದರು. ಅವರ ತಂಡ ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿ ರಾಶಿ ಹಾಕಿ, ಅದನ್ನು ನೋಡಿಕೊಂಡೇ ಕಲಿಯುವವರಿಗೆ ಒಂದು ನಿಘಂಟು ಮಾಡಿತು. ಕೋಬಿಲ್ಡ್ ಎಂದು ಅದರ ಹೆಸರು, 1987ರಲ್ಲಿ ಬಂತು. ಅದರಲ್ಲಿ ಪದಕ್ಕೆ ಪದ ಇಡುವುದಿಲ್ಲ, ಪೂರ್ತಿ ವಾಕ್ಯದಲ್ಲಿ ಹೇಳುತ್ತಾರೆ. ನೀವು ಏನನ್ನಾದರೂ ಮಾಡಲು ರಿಲಕ್ಟಂಟ್ ಆಗಿದ್ದರೆ ನಿಮಗೆ ಅದನ್ನು ಮಾಡಲು ಮನಸ್ಸಿಲ್ಲ, ಮಾಡುವ ಮೊದಲು ಹಿಂದೆಮುಂದೆ ನೋಡುತ್ತೀರಿ, ಇಲ್ಲವೇ ಉತ್ಸಾಹವಿಲ್ಲದೆ ನಿಧಾನವಾಗಿ ಮಾಡುತ್ತೀರಿ – ಹೆಚ್ಚುಕಡಿಮೆ ಹೀಗೆ. ನೋಡಿ, ‘ಮಾಡಲು’ ಅನ್ನುವುದು ವಿವರಣೆಯ ಒಳಗೇ ಬಂದುಬಿಟ್ಟಿತು. ಕೊನೆಗೆ ಮಾಡಬಹುದು ಅನ್ನುವುದೂ ಬಂತು. ಇದನ್ನು ಹೈಸ್ಕೂಲಿನಲ್ಲಿ ಓದಿದ್ದರೆ ನನ್ನ ಹಾಲಿನ ವಾಕ್ಯವೂ ಸರಿಹೋಗುತ್ತಿತ್ತು, ನಾಲ್ಕು ತಿಂಗಳೂ ಉಳಿಯುತ್ತಿತ್ತು.

ಹಾಗಂತ ಇಲ್ಲಿನ ಪದ್ಧತಿಯೇ ಮೇಲು, ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಇಂಗ್ಲಿಷ್ ಕಲಿಸಿ ಎನ್ನುವವರ ಜೊತೆ ನಾನಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಈ ಮಾತು ಕೇಳುತ್ತೇನೆ, ಬೇಜಾರಾಗುತ್ತದೆ. ನನ್ನ ಮಗಳ ಹಾಳೆಯನ್ನೇ ನೋಡಿ. ಮೊದಲ ಚೌಕದಲ್ಲಿ ಅವಳು ‘ನಾಟ್ ವಾಂಟಿಂಗ್ ಟು’ ಎಂದು ಬರೆದಿದ್ದಳು. ನಾನು ಬಲಗಡೆ ಬರೆದ ‘ಇಷ್ಟವಿಲ್ಲದ’ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಚೌಕ ಒಳ್ಳೆಯದೇ, ಆದರೆ ಪದ ಅವಳ ಒಳಗೆ ಇಳಿದಿರಲಿಲ್ಲ.

ನಾನು ಕೇಳಿದೆ: “ಪುಟ್ಟೀ, ಹೋದ ಬೇಸಿಗೆ ರಜೆ ಮುಗಿಸಿ ಅಜ್ಜಿ ಮನೆಯಿಂದ ಹೊರಟಿದ್ದು ನೆನಪಿದೆಯಾ?” ನೆನಪಿತ್ತು. ಚೀಲವೆಲ್ಲ ಕಾರಿನಲ್ಲಿತ್ತು. ಇವಳು ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದಳು. ಒಮ್ಮೆ ಒಳಗೆ ಹೋಗಿ ಕರುವಿನ ತಲೆ ಸವರಿ ಬಂದಳು. ಇನ್ನೊಮ್ಮೆ ನೀರು ಕುಡಿಯಬೇಕು ಅಂದಳು. ಚಪ್ಪಲಿಯ ಬಕಲ್ ಬಿಚ್ಚಿ ಮತ್ತೆ ಹಾಕಿಕೊಂಡಳು. ಕೊನೆಗೆ ಕಾರು ಹತ್ತಿದಳು. ನನ್ನ ಅಮ್ಮ ಆಗ ಪಕ್ಕದ ಮನೆಯವರಿಗೆ ಹೇಳಿದ್ದರು: “ಮಗು ಮನಸ್ಸಿಲ್ಲದ ಮನಸ್ಸಿನಿಂದ ಹೋಗ್ತಾ ಇದೆ.”

“ಅದೇ ರಿಲಕ್ಟಂಟ್” ಅಂದೆ. ಅವಳ ಮುಖ ಅರಳಿತು. ಮನಸ್ಸಿಲ್ಲದ ಮನಸ್ಸು ಎಂದು ಎರಡು ಸಲ ಹೇಳಿಕೊಂಡಳು. ಇಲ್ಲದ ಮನಸ್ಸೂ ಇದೆ, ಹೋಗುವ ಮನಸ್ಸೂ ಇದೆ. ಅದೇ ಕುಸ್ತಿ. ಲ್ಯಾಟಿನ್ನಿನವರು ಹೇಳಿದ್ದನ್ನು ನಮ್ಮಮ್ಮ ತಿಪಟೂರಿನ ಹಳ್ಳಿಯ ಗೇಟಿನ ಹತ್ತಿರ ನಿಂತು ಹೇಳಿದ್ದರು.

ಇಂಥ ಮಾತು ನಮ್ಮಲ್ಲಿ ಎಷ್ಟೊಂದಿವೆ! ಹಿಂದೇಟು ಹಾಕಿದ ಅಂದರೆ ರಿಲಕ್ಟಂಟ್. ಅಳುಕಿದ ಅಂದರೆ ಅಲ್ಲ, ಅದರಲ್ಲಿ ಭಯ ಇದೆ. ಸಂಕೋಚ ಪಟ್ಟ ಅಂದರೆ ಅದೂ ಅಲ್ಲ, ಅಲ್ಲಿ ನಾಚಿಕೆ. ಮೀನಮೇಷ ಎಣಿಸಿದ ಅಂದರೆ ಮಾಡಲೋ ಬೇಡವೋ ಎಂದು ತೀರ್ಮಾನಿಸಲಾಗದೆ ಕೂತಿದ್ದಾನೆ. ಒಲ್ಲೆ ಅಂದರೆ ಬಾಗಿಲೇ ಮುಚ್ಚಿತು. ಈ ಐದನ್ನು ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಕನ್ನಡ ಮಾಧ್ಯಮದ ಮಗು ಈ ಇಂಗ್ಲಿಷ್ ಪದವನ್ನು ಇಲ್ಲಿನ ಮಕ್ಕಳಿಗಿಂತ ಚೆನ್ನಾಗಿ ಹಿಡಿಯುತ್ತದೆ. ನನಗೆ ಅದರಲ್ಲಿ ಅನುಮಾನವೇ ಇಲ್ಲ. ಬಿಡಬೇಕಾದ್ದು ಕನ್ನಡವನ್ನಲ್ಲ, ಹಾಳೆಯ ನಡುವಿನ ಆ ಗೆರೆಯನ್ನು. ‘ಇಗೋ ಕನ್ನಡ’ ಅಂಕಣ ಬರೆಯುತ್ತಿದ್ದ ಜಿ. ವೆಂಕಟಸುಬ್ಬಯ್ಯನವರು ಒಂದೊಂದು ಪದದ ಬಗ್ಗೆಯೂ ಓದುಗರಿಗೆ ಎಷ್ಟು ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು! ಆ ತಾಳ್ಮೆ ತರಗತಿಗೂ ಬರಲಿ.

ನಾಲ್ಕನೇ ಚೌಕದಲ್ಲಿ ಮಗಳು ಬರೆದಳು: ತಂಗಿ ಊಟ ಬೇಡ ಅಂತ ತಟ್ಟೆ ತಳ್ಳಿದಳು, ತಿನ್ನಲೇ ಇಲ್ಲ. ಅದು ರಿಲಕ್ಟಂಟ್ ಅಲ್ಲ.

ಇಲ್ಲಿ ನಾಲ್ಕಾರು ಕನ್ನಡದ ಮನೆಯವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಮೊನ್ನೆ ನಮ್ಮ ಬೋರ್ಡನ್ನು ನಾನೇ ಗಮನವಿಟ್ಟು ನೋಡಿದೆ. ನಡುವೆ ಗೆರೆ. ಕೋಪ, ಆ್ಯಂಗರ್. ಸಿಟ್ಟು, ಆ್ಯಂಗರ್. ಮುನಿಸು, ಆ್ಯಂಗರ್. ಬರೆದದ್ದು ನಾನೇ. ಅಳಿಸಿದೆ. ಮುನಿಸು ಎಂದು ನಡುವೆ ಬರೆದು ಸುತ್ತ ನಾಲ್ಕು ಚೌಕ ಹಾಕಿದೆ. ಅಪ್ಪ ಆಟಕ್ಕೆ ಬರಲಿಲ್ಲ ಅಂತ ಮಾತು ಬಿಟ್ಟಿದ್ದು, ಅಮ್ಮ ಅಜ್ಜಿಗೆ ಎರಡು ದಿನ ಫೋನ್ ಮಾಡದೆ ಇದ್ದಿದ್ದು, ಹೀಗೆ ಮೂರನೇ ಚೌಕ ಬೇಗ ತುಂಬಿತು. ನಾಲ್ಕನೆಯದಕ್ಕೆ ಏಳು ವರ್ಷದ ಹುಡುಗನೊಬ್ಬ ಕೈಯೆತ್ತಿದ.

“ಅಂಕಲ್, ಪೊಲೀಸರು ಕಳ್ಳನ ಮೇಲೆ ಮುನಿಸಿಕೊಳ್ಳಲ್ಲ.”