ಕಾರ್ಡ್ ಇದ್ದರೂ ಮತ್ತೆ ಯಾಕೆ ಚುಚ್ಚುತ್ತಾರೆ?

ಅಮೆರಿಕಕ್ಕೆ ಹೊರಡುವವರು ಮಗುವಿನ ಲಸಿಕೆ ಕಾರ್ಡ್ ಮರೆಯಬೇಡಿ ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಆದರೆ ಕಾರ್ಡ್ ಇದ್ದರೂ ಶಾಲೆಗೆ ಸೇರಿಸುವಾಗ ಕೆಲವು ಡೋಸ್ ಮತ್ತೆ ಹಾಕಿಸಿ ಅಂತಾರೆ. ಕಾರಣ ಗೊತ್ತಿಲ್ಲದೆ ಎಷ್ಟೋ ಜನ ಗಾಬರಿಯಾಗುತ್ತಾರೆ.

ದಡಾರದ್ದನ್ನೇ ನೋಡಿ. ನಮ್ಮಲ್ಲಿ ಮೊದಲ ಡೋಸ್ 9 ತಿಂಗಳಿಗೇ ಕೊಡುತ್ತಾರೆ. ಅಲ್ಲಿ ಒಂದು ವರ್ಷ ತುಂಬಿದ ಮೇಲೆ ಹಾಕಿದ ಎರಡು ಡೋಸ್ ಮಾತ್ರ ಲೆಕ್ಕಕ್ಕೆ. ತಾಯಿಯಿಂದ ಬಂದ ರಕ್ಷಣೆ ಮಗುವಿನ ಮೈಯಲ್ಲಿ ಇನ್ನೂ ಉಳಿದಿದ್ದರೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ. ನಮ್ಮಲ್ಲಿ ದಡಾರದ ಭಯ ಜಾಸ್ತಿ, ಅಷ್ಟು ದಿನ ಕಾಯುವಂತಿಲ್ಲ. ಹಾಗಾಗಿ ನಮ್ಮ ಡಾಕ್ಟರ್ ತಪ್ಪು ಮಾಡಿದರು ಅಂತ ಸುಮ್ನೆ ಬೈಯಬೇಡಿ. ಇನ್ನೊಂದು, ಸರ್ಕಾರಿ ಆಸ್ಪತ್ರೆಯ ಎಂಆರ್ (ದಡಾರ, ರುಬೆಲ್ಲಾ) ಲಸಿಕೆಯಲ್ಲಿ ಮಂಗನಬಾವಿನ ರಕ್ಷಣೆ ಇಲ್ಲ. ಅಲ್ಲಿ ಕೇಳುವುದು ಮಂಗನಬಾವಿನದ್ದೂ ಸೇರಿದ ಎಂಎಂಆರ್. ಅದನ್ನು ಇನ್ನೊಮ್ಮೆ ಹಾಕಿಸಿದರೆ ಆರೋಗ್ಯವಂತ ಮಗುವಿಗೆ ತೊಂದರೆ ಇಲ್ಲ.

ಪೋಲಿಯೋ ಹನಿಯದೂ ಇದೇ ಕಥೆ. 2016ರ ಏಪ್ರಿಲ್ ನಂತರ ಹಾಕಿಸಿದ ಹನಿಯನ್ನು ಅಲ್ಲಿ ಒಪ್ಪುವುದಿಲ್ಲ, ಚುಚ್ಚುಮದ್ದಿನ ಡೋಸ್ ಅಷ್ಟೇ ಎಣಿಸುತ್ತಾರೆ.

ದಯವಿಟ್ಟು ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಕಾರ್ಡಿನಲ್ಲಿ 05/08/2022 ಅಂತಿದ್ದರೆ ನಮಗೆ ಅದು ಆಗಸ್ಟ್ 5, ಅಲ್ಲಿನ ನರ್ಸ್‌ಗೆ ಮೇ 8! ತಿಂಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಸಿ, ಡಾಕ್ಟರ್ ಸಹಿ, ಸೀಲು ಹಾಕಿಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಇನ್ಶೂರೆನ್ಸ್ ಇನ್ನೂ ಆಗಿಲ್ಲ ಅಂತ ಲಸಿಕೆ ಮುಂದೂಡಬೇಡಿ. ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಅಮೆರಿಕ ಸರ್ಕಾರದ 'ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್' ಯೋಜನೆಯಲ್ಲಿ ಲಸಿಕೆ ಉಚಿತವಾಗಿ ಸಿಗುತ್ತದೆ. ಅಲ್ಲಿ ನೀವಿರುವ ಊರಿನ ಆರೋಗ್ಯ ಇಲಾಖೆಯ ಕ್ಲಿನಿಕ್‌ನಲ್ಲಿ ವಿಚಾರಿಸಿ.